ಓಹಿಯೋದ ಮೇಲೆ ನನ್ನ ತಟ್ಟೆ

ನನ್ನ ತಟ್ಟೆ ಇರುತ್ತಿದ್ದದ್ದು ಓಹಿಯೋದ ಮೇಲೆ. ಸ್ವಲ್ಪ ಎಡಕ್ಕೆ ಸರಿಸಿದರೆ ಪೆನ್ಸಿಲ್ವೇನಿಯ, ಬಲಕ್ಕೆ ಸರಿಸಿದರೆ ಇಂಡಿಯಾನ. ಓಹಿಯೋದ ನಡುವೆ ಅಂಗೈಯಗಲದ ಒಂದು ಹಳದಿ ಕಲೆ. ಗಾಜಿನ ಬಿರುಕಿನಿಂದ ಯಾವತ್ತೋ ಕೆಳಗಿಳಿದ ಸಾರು ಒಣಗಿ ಅಲ್ಲಿನ ರಾಜಧಾನಿಯ ಹೆಸರಿನ ಅರ್ಧವನ್ನು ನುಂಗಿಬಿಟ್ಟಿತ್ತು. ನಾನು ಗೋಡೆಯ ಬದಿಗೆ ಕೂರುತ್ತಿದ್ದುದರಿಂದ ಇಡೀ ಅಮೆರಿಕ ನನಗೆ ತಲೆಕೆಳಗಾಗಿಯೇ ಕಾಣುತ್ತಿತ್ತು. ಫ್ಲಾರಿಡಾ ಮೇಲಕ್ಕೆತ್ತಿದ ಹೆಬ್ಬೆರಳಿನ ಹಾಗೆ. ಓದಲು ಕಲಿತ ಹೊಸದರಲ್ಲಿ ದಿನಕ್ಕೆ ಮೂರು ಹೊತ್ತು ಆ ಹೆಸರುಗಳನ್ನು ಓದಿ ಓದಿ, ಅಕ್ಷರ ನೇರವಾಗಿದ್ದರೂ ತಲೆಕೆಳಗಾಗಿದ್ದರೂ ನನಗೆ ಒಂದೇ ಆಯಿತು. ಈ ಅಭ್ಯಾಸ ಮುಂದೆ ಎಲ್ಲಿ ಉಪಯೋಗಕ್ಕೆ ಬಂತು ಎನ್ನುವುದನ್ನೇ ಈ ಅಧ್ಯಾಯದಲ್ಲಿ ಹೇಳಬೇಕಾಗಿದೆ.

ಆ ಮೇಜನ್ನು ಪಪ್ಪ ಕೊಂಡದ್ದು, ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದ ಒಬ್ಬ ಅಮೆರಿಕನ್ ಎಂಜಿನಿಯರಿನಿಂದ. ಅಮೆರಿಕದ ನಕ್ಷೆ ಅದರ ಗಾಜಿನ ಕೆಳಗೆ ಮೊದಲೇ ಇತ್ತು. ಅದನ್ನು ತೆಗೆದು ಕಸೂತಿಯ ಬಟ್ಟೆ ಹಾಸಬೇಕೆಂದು ಅಮ್ಮನಿಗೆ ಆಸೆ. ಪಪ್ಪ ನಾಳೆ, ನಾಳಿದ್ದು ಎನ್ನುತ್ತ ಹದಿನೇಳು ವರ್ಷ ತಳ್ಳಿದರು. ಮಸ್ಕತ್ತಿನ ಹಳೆಯ ಪೇಟೆಯಾದ ಮತ್ರಾದ ಸೂಕಿನ ಹಿಂದಿನ ಗಲ್ಲಿಯಲ್ಲಿ, ಮೂರನೆಯ ಮಹಡಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಕೆಳಗಿನ ಅಂಗಡಿಯ ಲೋಬಾನದ ಹೊಗೆ ಮೆಟ್ಟಿಲು ಹತ್ತಿ ಬಂದು ಅಮ್ಮನ ಒಗ್ಗರಣೆಯ ಜೊತೆ ಸೇರುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ, ಎರಡು ಕಟ್ಟಡಗಳ ಸಂದಿನಲ್ಲಿ, ಗೇಣಗಲ ಸಮುದ್ರ. ಹಡಗು ಹಾಯುವಾಗ ಮೊದಲು ಅದರ ಮೂತಿ, ಆಮೇಲೆ ಹೊಟ್ಟೆ. ಬಾಲ ಕಾಣುವಷ್ಟರಲ್ಲಿ ಒಂದು ನೀರುದೋಸೆ ಬೇಯುತ್ತಿತ್ತು. ಪಪ್ಪ ಕೂರುತ್ತಿದ್ದದ್ದು ಮೇಜಿನ ಪೂರ್ವದ ತುದಿಯಲ್ಲಿ. ಅವರ ಚಹಾದ ಲೋಟ ಸದಾ ಅಟ್ಲಾಂಟಿಕ್ ಸಾಗರದಲ್ಲಿ. ಅಮ್ಮ ಕ್ಯಾಲಿಫೋರ್ನಿಯದ ಬದಿಗೆ, ಯಾಕೆಂದರೆ ಅಡುಗೆಮನೆಯ ಬಾಗಿಲು ಆ ಕಡೆಗಿತ್ತು. ಟೆಕ್ಸಾಸ್ ಮಾತ್ರ ವಾರಪೂರ್ತಿ ಖಾಲಿ. ಶನಿವಾರ ಬೆಳಿಗ್ಗೆ ಅಲ್ಲಿ ಮೂರ್ತಿ ಅಂಕಲ್ ಕೂರುತ್ತಿದ್ದರು.

ಅಮೆರಿಕದ ರಾತ್ರಿ ನಮಗೆ ಬೆಳಗಿನ ತಿಂಡಿಯ ಹೊತ್ತು. ಅಲ್ಲಿನ ಅಭ್ಯರ್ಥಿಗಳು ರಾತ್ರಿ ವೇದಿಕೆ ಹತ್ತಿ ವಾದ ಮಾಡುವಾಗ ಇಲ್ಲಿ ಅಮ್ಮ ದೋಸೆಯ ಹಿಟ್ಟು ಕಲಕುತ್ತಿರುತ್ತಿದ್ದರು. ಅಲ್ಲಿ ಮತ ಎಣಿಕೆ ಬಿಸಿಯೇರುವಾಗ ನಾನು ಶಾಲೆಯ ಟೈ ಕಟ್ಟಿಕೊಳ್ಳುತ್ತಿದ್ದೆ. ಪಪ್ಪ ಟಿವಿಯ ಮುಂದೆ ಎರಡು ಬಣ್ಣದ ಪೆನ್ಸಿಲ್ ಹಿಡಿದು ನಿಂತಿರುತ್ತಿದ್ದರು, ಆದರೆ ಗಾಜಿನ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ ಎಂಬುದು ಪ್ರತಿ ಸಲವೂ ಅವರಿಗೆ ಮರೆತಿರುತ್ತಿತ್ತು. ಯಾವ ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳು ಎನ್ನುವುದು ಅವರಿಗೆ ಬಾಯಿಪಾಠ. ಆದರೆ ಅವರು ಸ್ವತಃ ಯಾವತ್ತೂ ಮತ ಹಾಕಿದವರಲ್ಲ. ಚಿಕ್ಕ ವಯಸ್ಸಿಗೆ ಊರು ಬಿಟ್ಟವರು. ಊರಿನಲ್ಲಿ ಚುನಾವಣೆ ನಡೆದಾಗಲೆಲ್ಲ ಇಲ್ಲಿದ್ದರು, ಮತ್ತು ಇಲ್ಲಿ ನಾವು ಅತಿಥಿಗಳು. ಇದರಲ್ಲಿ ಅವರಿಗೆ ದೂರೇನೂ ಇರಲಿಲ್ಲ. ಅನ್ನ ಕೊಟ್ಟ ಊರು ಎಂದೇ ಅವರು ಮಸ್ಕತ್ತಿನ ಬಗ್ಗೆ ಹೇಳುತ್ತಿದ್ದದ್ದು. ಆದರೆ ಮನುಷ್ಯನೆಂದ ಮೇಲೆ ಅಭಿಪ್ರಾಯಗಳಿರುತ್ತವೆ, ಅವುಗಳನ್ನು ಎಲ್ಲಿಯಾದರೂ ಇಡಬೇಕಲ್ಲ. ಪಪ್ಪ ತಮ್ಮವನ್ನು ಅಮೆರಿಕದಲ್ಲಿ ಇಟ್ಟಿದ್ದರು. ಅಲ್ಲಿಯ ಬಗ್ಗೆ ಏನು ಹೇಳಿದರೂ ನಮ್ಮ ಮನೆಯಲ್ಲಿ ಯಾರಿಗೂ ತೊಂದರೆಯಿರಲಿಲ್ಲ.

ಅವರು ಮೆಚ್ಚಿದ್ದು ಅಲ್ಲಿನ ಅಧ್ಯಕ್ಷರನ್ನಲ್ಲ. ಅಧ್ಯಕ್ಷರುಗಳ ಮೇಲೆ ಅವರಿಗೆ ದೊಡ್ಡ ನಂಬಿಕೆಯಿರಲಿಲ್ಲ, ಯುದ್ಧಗಳ ಬಗ್ಗೆಯಂತೂ ಕಹಿಯಿತ್ತು. ಮತಗಟ್ಟೆಯ ಸಾಲಿಗೆ ಮಡಚುವ ಕುರ್ಚಿ ತಂದ ಮುದುಕಿ. ಊರಿನ ಸಭೆಯಲ್ಲಿ ಎದ್ದು ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಶಾಸಕನನ್ನು ಪ್ರಶ್ನೆ ಕೇಳಿದ ಹೆಂಗಸು. ಯಾವುದೋ ಪುಸ್ತಕವನ್ನು ಕಪಾಟಿನಿಂದ ತೆಗೆಯಕೂಡದೆಂದು ಬೋರ್ಡು ಹಿಡಿದು ಗ್ರಂಥಾಲಯದ ಮುಂದೆ ನಿಂತ ನಾಲ್ಕು ಜನ: ಇಂಥವರನ್ನು ತೋರಿಸಿದಾಗ ಪಪ್ಪ ಶಬ್ದ ಹೆಚ್ಚಿಸುತ್ತಿದ್ದರು. ಮೇಯರನಿಗೆ ಮುಖದ ಮೇಲೆ ಬೈದು, ಮನೆಗೆ ಹೋಗಿ, ಊಟ ಮಾಡಿ ಮಲಗುವುದು ಸಾಧ್ಯವಿರುವ ಊರು ಎನ್ನುವುದು ಅವರ ಒಂದು ಸಾಲಿನ ವ್ಯಾಖ್ಯಾನ. ಅಮ್ಮನ ವ್ಯಾಖ್ಯಾನ ಬೇರೆ. ಇವರಿಗೆ ಅಮೆರಿಕದ ಐವತ್ತು ರಾಜ್ಯದ ಸುದ್ದಿ ಗೊತ್ತುಂಟು, ಗ್ಯಾಸ್ ಮುಗಿದದ್ದು ಗೊತ್ತಿಲ್ಲ ಎಂದು ಅವರು ತುಳುವಿನಲ್ಲಿ ಗೋಡೆಗೆ ಹೇಳುತ್ತಿದ್ದರು.

ಮೂರ್ತಿ ಅಂಕಲ್ ಮೈಸೂರಿನವರು, ಸರ್ಕಾರಿ ಗುತ್ತಿಗೆಗಳನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಆಫೀಸ್ ಮ್ಯಾನೇಜರು. ಶನಿವಾರ ಅವರ ಹೆಂಡತಿ ಮಗಳನ್ನು ಕರೆದುಕೊಂಡು ಭಜನೆಗೆ ಹೋದರೆ ಅವರು ನಮ್ಮಲ್ಲಿಗೆ. ಅವರಿಗೆಂದು ಮೀನು ಮುಟ್ಟದ ಒಂದು ಕಾವಲಿಯನ್ನು ಅಮ್ಮ ಬೇರೆಯೇ ಇಟ್ಟಿದ್ದರು. ಅವರು ಬಂದರೆ ಮನೆಯ ಮಾತು ತುಳುವಿನಿಂದ ಕನ್ನಡಕ್ಕೆ ಹೊರಳುತ್ತಿತ್ತು, ಜಗಳವೂ ಕನ್ನಡದಲ್ಲೇ. ಮೆರವಣಿಗೆಗಳೆಂದರೆ ಅವರಿಗೆ ಆಗದು. ನನಗೆ ಹದಿನೈದಾಗಿದ್ದ ವರ್ಷ ಅಮೆರಿಕದ ಒಂದು ಪಟ್ಟಣದಲ್ಲಿ ಪೊಲೀಸರ ಗುಂಡಿಗೆ ಒಬ್ಬ ಕಪ್ಪು ಹುಡುಗ ಸತ್ತು, ವಾರಗಟ್ಟಲೆ ಜನ ಬೀದಿಯಲ್ಲಿದ್ದರು. ಅಂಗಡಿ ಸುಡುತ್ತಾರಲ್ರೀ, ಅದಕ್ಕೇನಂತೀರಿ ಎಂದು ಮೂರ್ತಿ ಅಂಕಲ್ ಕೇಳಿದರು. ಸುಟ್ಟದ್ದು ತಪ್ಪು, ಸುಟ್ಟವರನ್ನು ಹಿಡಿಯಲಿ, ಆದರೆ ಅಂಗಡಿಯ ಮಾತಿನಲ್ಲಿ ಸತ್ತವನ ಮಾತು ಮುಳುಗಿಹೋಗಬಾರದು ಎಂದರು ಪಪ್ಪ. ಇಬ್ಬರೂ ದನಿ ಏರಿಸಿದರು. ಆಗ ಪರದೆಯ ಮೇಲೆ ಒಬ್ಬ ವಯಸ್ಸಾದ ಹೆಂಗಸು ರಟ್ಟಿನ ಬೋರ್ಡೊಂದನ್ನು ಎತ್ತಿ ಹಿಡಿದಳು. ಅದರಲ್ಲಿ ಎಂತ ಬರೆದದ್ದು ಎಂದು ಅಮ್ಮ ಕೇಳಿದರು. ಅವರ ಸಂವಿಧಾನದ ಮೊದಲ ಶಬ್ದಗಳು, 'ನಾವು, ಜನರು' ಅಂತ, ನಮ್ಮದೂ ಹಾಗೇ ಶುರುವಾಗುವುದು ಎಂದೆ ನಾನು. ಅಮ್ಮ ಸೌಟು ಹಿಡಿದುಕೊಂಡೇ ಯೋಚಿಸಿದರು.

"ಯಾವ ನಾವು? ನಮನಾ, ಎಂಕುಲಾ?"

ಮೂರ್ತಿ ಅಂಕಲ್‌ಗೆ ಅರ್ಥವಾಗಲಿಲ್ಲ. ಪಪ್ಪ ವಿವರಿಸಿದರು. ತುಳುವಿನಲ್ಲಿ 'ನಾವು' ಎರಡು. ಎದುರಿಗಿರುವವರನ್ನೂ ಸೇರಿಸಿಕೊಂಡರೆ ನಮ. ಅವರನ್ನು ಬಿಟ್ಟು ನಾವಷ್ಟೇ ಆದರೆ ಎಂಕುಲು. 'ನಮ ಪೋಯಿ' ಎಂದರೆ ನೀನೂ ಬಾ, ಹೋಗೋಣ. 'ಎಂಕುಲು ಪೋಪ' ಎಂದರೆ ನಾವು ಹೊರಟೆವು, ನೀನು ಇಲ್ಲಿರು. ಇಂಗ್ಲಿಷಿನಲ್ಲಿ ಈ ವ್ಯತ್ಯಾಸವಿಲ್ಲ. ನಮ್ಮ ಕನ್ನಡದಲ್ಲೂ ಇಲ್ಲವಲ್ರೀ ಎಂದರು ಮೂರ್ತಿ ಅಂಕಲ್, ಯಾವುದೋ ಸ್ಪರ್ಧೆಯಲ್ಲಿ ಸೋತವರ ಹಾಗೆ. ಪಪ್ಪ ಲೋಟವನ್ನು ಅಟ್ಲಾಂಟಿಕ್ಕಿನಲ್ಲಿ ತಿರುಗಿಸುತ್ತ, ಅಮೆರಿಕದವರ ಇನ್ನೂರು ವರ್ಷದ ಜಗಳ ಅದೇ ಮಾರಾಯ್ರೆ, ಬರೆದವರು ಎಂಕುಲು ಅಂತ ಬರೆದದ್ದು, ಈ ಹೆಂಗಸು ನಮ ಅಂತ ಓದುತ್ತಿದ್ದಾಳೆ ಎಂದರು. ನಾನು ಮುಂದೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದೆ. ಅಮೆರಿಕದ ಬಗ್ಗೆ ಅದಕ್ಕಿಂತ ಚಿಕ್ಕದಾದ, ಅದಕ್ಕಿಂತ ಸರಿಯಾದ ಮಾತನ್ನು ಯಾವ ತರಗತಿಯಲ್ಲೂ ಕೇಳಲಿಲ್ಲ.

ಪಪ್ಪ ಒಂದು ಹಳೆಯ ವ್ಯಾಪಾರಿ ಮನೆತನದ ಕಚೇರಿಯಲ್ಲಿ ಪತ್ರವ್ಯವಹಾರ ನೋಡುತ್ತಿದ್ದರು. ಅವರ ಇಂಗ್ಲಿಷ್ ನಮ್ಮ ಗಲ್ಲಿಯಲ್ಲೆಲ್ಲ ಹೆಸರುವಾಸಿ. ಸಂಜೆಯಾದರೆ ಯಾರಾದರೊಬ್ಬರು ಬರುತ್ತಿದ್ದರು: ರಜೆ ಬೇಕಾದವರು, ವೀಸಾ ಕೊಟ್ಟ ಧಣಿಗೆ, ಅಂದರೆ ಕಫೀಲನಿಗೆ ವಿನಂತಿ ಮಾಡಬೇಕಾದವರು, ಮಗುವಿನ ಶಾಲಾ ಪ್ರವೇಶಕ್ಕೆ ಅರ್ಜಿ ಹಾಕುವವರು. ಊಟದ ಮೇಜನ್ನು ಒರೆಸಿ, ನ್ಯೂಯಾರ್ಕಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪಪ್ಪ ಬರೆದುಕೊಡುತ್ತಿದ್ದರು. ಅವರಿಗೆ ಎರಡು ನಿಯಮ. ಯಾರಿಗೂ ಇಲ್ಲವೆನ್ನಬಾರದು. ಮತ್ತು ಒಂದು ಕಾಗದಕ್ಕೆ ಒಂದೇ ಹೆಸರು. ಐದು ಜನ ಒಟ್ಟಿಗೆ ಬಂದು ಒಂದೇ ದೂರು ಹೇಳಿದರೂ ಪಪ್ಪ ಐದು ಕಾಗದ ಬರೆಯುತ್ತಿದ್ದರು, ಐದನ್ನೂ ಬೇರೆ ಬೇರೆ ಮಾತುಗಳಲ್ಲಿ. ಒಂದೇ ಕಾಗದದಲ್ಲಿ ಹೆಸರು ಪೋಣಿಸಿದರೆ ಅದು ಕೇಳಿಕೆಯಾಗಿ ಉಳಿಯುವುದಿಲ್ಲ, ಗುಂಪಾಗುತ್ತದೆ ಎನ್ನುತ್ತಿದ್ದರು. ಹೀಗಾಗಿ ಅಷ್ಟು ವರ್ಷಗಳ ಅವರ ಕಾಗದಗಳಲ್ಲಿ 'ನಾನು' ಎಷ್ಟೋ ಸಾವಿರ ಬಾರಿ ಬಂದಿದೆ, 'ನಾವು' ಒಮ್ಮೆಯೂ ಇಲ್ಲ. ಕೊನೆಯ ಸಾಲಿಗೆ ಮಾತ್ರ ಅವರದ್ದೇ ಒಂದು ಮುದ್ರೆಯಿತ್ತು. 'ಮುಗಿದ ಕೈಗಳಿಂದ ಮತ್ತು ತೆರೆದ ಮನಸ್ಸಿನಿಂದ' ಎಂಬ ಅರ್ಥದ ಇಂಗ್ಲಿಷ್ ಮಾತು. ಯಾವ ವ್ಯಾಕರಣ ಪುಸ್ತಕದಲ್ಲೂ ಇಲ್ಲದ ಆ ಸಾಲನ್ನು ಅವರೇ ಕಟ್ಟಿದ್ದು. ಅದರ ಬಗ್ಗೆ ಅವರಿಗೆ ಸಣ್ಣ ಹೆಮ್ಮೆ.

ನಳಿನಿ ಮಿಸ್ ನಮಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಪಾಲಕ್ಕಾಡಿನ ಕಡೆಯವರು, ಒಬ್ಬರೇ ಇದ್ದರು, ಅವರ ವೀಸಾ ಶಾಲೆಯದ್ದು. ಪ್ರಜಾಪ್ರಭುತ್ವದ ಪಾಠ ಬಂದಾಗ ಅವರು ಅದೇ ಅಮೆರಿಕದ ಮೆರವಣಿಗೆಯ ತುಣುಕೊಂದನ್ನು ತೋರಿಸಿ, ನಮಗೆಲ್ಲ ಒಂದೊಂದು ಚಾರ್ಟ್ ಹಾಳೆ ಕೊಟ್ಟರು. ನಮ್ಮ ಶಾಲೆಯಲ್ಲಿ ಏನಾಗಬೇಕೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದು, ಬೋರ್ಡಿನ ಹಾಗೆ ಹಿಡಿದು ತರಗತಿಯೊಳಗೆ ಹತ್ತು ನಿಮಿಷ ನಿಲ್ಲಬೇಕು, ಯಾರನ್ನೂ ಬೈಯಬಾರದು, ಯಾರಿಗೆ ಹೇಳುತ್ತಿದ್ದೇವೋ ಅವರು ಮಾಡಿಕೊಡಬಹುದಾದ್ದೇ ಆಗಿರಬೇಕು. ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ನಮಗೇ ಇನ್ನೂ ಗೊತ್ತಿಲ್ಲ ಎಂದರ್ಥ ಎಂದರು. ಎರಡನೆಯ ವಿರಾಮದಲ್ಲೂ ಗ್ರಂಥಾಲಯ ತೆರೆದಿರಬೇಕು ಎಂದು ನಾನು ಬರೆದೆ. ಗಟ್ಟಿಯಾಗಿ ಮಾತಾಡುವ ಹುಡುಗಿಯಾಗಿರಲಿಲ್ಲ ನಾನು. ಬೋರ್ಡು ಹಿಡಿದು ನಿಂತ ಆ ಹತ್ತು ನಿಮಿಷ, ಬಾಯಿ ತೆರೆಯದೆಯೂ ನನ್ನ ಮಾತು ಎಲ್ಲರಿಗೂ ಕಾಣುತ್ತಿತ್ತು. ಅದು ನನಗೆ ಹೊಸ ಸುಖ. ಗಂಟೆ ಹೊಡೆದಾಗ ಹಾಳೆಗಳನ್ನು ಸುರುಳಿ ಸುತ್ತಿ ಕಪಾಟಿನಲ್ಲಿಟ್ಟೆವು. ಆಗಿದ್ದು ಇಷ್ಟೇ.

ಆ ಸುಖವನ್ನು ಮನೆಗೆ ತಂದದ್ದು ನನ್ನ ತಪ್ಪು. ಶನಿವಾರ, ಯಾರೂ ಕೇಳದೆ, ದೋಸೆ ಮುರಿಯುತ್ತ ನಾನೇ ಹೇಳಿದೆ. ಪಪ್ಪನ ಮುಖ ಅರಳಿತು. ಮೂರ್ತಿ ಅಂಕಲ್ ಕೈಯಲ್ಲಿದ್ದ ತುಂಡನ್ನು ಟೆಕ್ಸಾಸಿನ ಮೇಲೆ ಇಟ್ಟರು.

"ಅಲ್ರೀ ಶೆಟ್ರೆ, ಬೋರ್ಡ್ ಹಿಡ್ಕೊಂಡು ನಿಲ್ಲೋದನ್ನ ಇಲ್ಲಿ ಕಲಿಸ್ತಾರೇನ್ರೀ? ನಾಳೆ ಯಾರೋ ಒಬ್ಬ ಹುಡುಗ ಅದನ್ನ ರಸ್ತೆಗೆ ತಗೊಂಡ್ಹೋದ್ರೆ? ಅನುಭವಿಸೋರು ಯಾರು, ಆ ಮಿಸ್ಸಾ?"

ಅದು ಪಾಠ ಮಾರಾಯ್ರೆ, ಕ್ಲಾಸಿನೊಳಗೆ ನಿಂತದ್ದು ಎಂದರು ಪಪ್ಪ. ಮೂರ್ತಿ ಅಂಕಲ್ ನಗಲಿಲ್ಲ. ಅವರದ್ದು ಬರೀ ಪುಕ್ಕಲುತನ ಎಂದು ಆಗ ನನಗನಿಸಿತ್ತು. ಈಗ ಹಾಗೆ ಹೇಳಲಾರೆ. ಹಿಂದೆ ಅವರು ಬೇರೊಂದು ದೇಶದಲ್ಲಿ ಕೆಲಸಕ್ಕಿದ್ದಾಗ ಒಂದೇ ಕಾಗದಕ್ಕೆ ಸಹಿ ಹಾಕಿದ ಹನ್ನೊಂದು ಜನ ಒಂದೇ ವಿಮಾನದಲ್ಲಿ ಊರಿಗೆ ಮರಳಿದ್ದರಂತೆ. ಹನ್ನೆರಡನೆಯವರು ತಾವು ಎಂದು ಅವರು ಒಮ್ಮೆ ಹೇಳಿದ್ದರು, ಸಹಿ ಹಾಕಿರಲಿಲ್ಲ ಎಂಬುದನ್ನು ಹೆಮ್ಮೆಯೋ ನಾಚಿಕೆಯೋ ತಿಳಿಯದ ದನಿಯಲ್ಲಿ. ಅವರ ಮಗಳೂ ನಮ್ಮ ಶಾಲೆಯಲ್ಲೇ, ನನಗಿಂತ ಎರಡು ತರಗತಿ ಕೆಳಗೆ ಓದುತ್ತಿದ್ದಳು.

ಮುಂದಿನ ವಾರ ವೈಸ್ ಪ್ರಿನ್ಸಿಪಾಲರ ಕೋಣೆಯಿಂದ ನನಗೆ ಕರೆ ಬಂತು. ನಾನು ತರಗತಿಯ ಲೀಡರ್. ಅವರು ಕಟುವಾದ ಮನುಷ್ಯರಲ್ಲ. ಕನ್ನಡಕ ತೆಗೆದು ಕಣ್ಣೊತ್ತಿಕೊಂಡು, ನಳಿನಿ ಮಿಸ್ ಘೋಷಣೆ ಕೂಗಿಸಿದರೇ, ಹೊರಗೂ ಹೀಗೆ ಮಾಡಿ ಎಂದರೇ ಎಂದು ಕೇಳಿದರು. ಇಲ್ಲ ಸಾರ್, ಇಲ್ಲ ಸಾರ್ ಎಂದೆ. ಅವರ ಮುಂದೆ ಮೇಜಿನ ಮೇಲೆ ಒಂದು ಕಾಗದವಿತ್ತು, ಅವರಿಗೆ ನೇರವಾಗಿ, ನನಗೆ ತಲೆಕೆಳಗಾಗಿ. ನನಗೆ ಅದು ಒಂದೇ ಅಲ್ಲವೇ. ಒಬ್ಬ ತಂದೆಯಾಗಿ ನಾನು, ಎಂದು ಶುರುವಾಗುತ್ತಿತ್ತು. ಎಳೆಯ ಮನಸ್ಸುಗಳು, ಅತಿಥಿಗಳಾದ ನಮ್ಮ ಸ್ಥಾನ, ಸೂಕ್ತ ಕ್ರಮ. ಕೆಳಗೆ ಮೂರ್ತಿ ಅಂಕಲ್ ಅವರ ಸಹಿ. ಸಹಿಯ ಮೇಲಿನ ಸಾಲಿನಲ್ಲಿ ಮುಗಿದ ಕೈಗಳು, ತೆರೆದ ಮನಸ್ಸು.

ಇನ್ನೇನಾದರೂ ಹೇಳುವುದಿದೆಯೇ ಎಂದು ವೈಸ್ ಪ್ರಿನ್ಸಿಪಾಲರು ಕೇಳಿದರು. ಆ ಹತ್ತು ನಿಮಿಷಗಳ ಬಗ್ಗೆ, ಒಂದು ವಾಕ್ಯದ ನಿಯಮದ ಬಗ್ಗೆ, ಯಾರನ್ನೂ ಬೈಯಬಾರದೆಂದದ್ದರ ಬಗ್ಗೆ ಹೇಳಬಹುದಿತ್ತು. ನನ್ನ ಕಣ್ಣು ಆ ಕೊನೆಯ ಸಾಲಿನಲ್ಲೇ ಇತ್ತು. ಇಲ್ಲ ಸಾರ್ ಎಂದೆ. ಎರಡು ದಿನದಲ್ಲಿ ಸುದ್ದಿ ಹರಡಿತು. ನಳಿನಿ ಮಿಸ್ ಅವರ ಒಪ್ಪಂದ ಈ ಶಾಲಾ ಅವಧಿಯ ಕೊನೆಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ. ಅವರು ಎಂದಿನಂತೆ ಬಂದು ನದಿಗಳ ಪಾಠ ಮಾಡಿದರು. ಚಾರ್ಟ್ ಹಾಳೆಗಳ ಸುರುಳಿ ಕಪಾಟಿನಲ್ಲಿರಲಿಲ್ಲ.

ಮನೆಯಲ್ಲಿ ನಾನು ಕೂಗಾಡಲಿಲ್ಲ. ಊಟದ ಹೊತ್ತಿಗೆ ನನ್ನ ತಟ್ಟೆಯನ್ನು ಓಹಿಯೋದಿಂದ ಎತ್ತಿ, ಸೋಫಾದ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡೆ. ಎರಡು ದಿನ ಹೀಗಾಯಿತು. ಪಪ್ಪ ಏನೂ ಕೇಳಲಿಲ್ಲ, ಮೂರನೆಯ ದಿನ ಅಮ್ಮ ಕೇಳಿದರು. ನಾನು ಓದಿದ ಕೊನೆಯ ಸಾಲನ್ನಷ್ಟೇ ಹೇಳಿದೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಆದರೆ ಆ ಸಾಲು ಬರುತ್ತದೆ. ಅವರು ಒಲೆ ಆರಿಸಿ ಬಂದು ಪಪ್ಪನ ಎದುರು ಕೂತರು.

"ಮೂರ್ತಿಯವರ ಕಾಗದ ಬರೆದದ್ದು ನೀವಾ?"

"ಬರೆಸಿಕೊಳ್ಳಲಿಕ್ಕೆ ಬಂದವರಿಗೆ ಇಲ್ಲ ಅಂತ ಹೇಳಿದ್ದುಂಟಾ ನಾನು? ನಾನು ಟೈಲರ್ ಮಾರಾಯ್ತಿ. ಬಟ್ಟೆ ಅವರದ್ದು, ಅಳತೆ ಅವರದ್ದು."

"ಹೊಲಿಗೆ ಯಾರದ್ದು?"

ಪಪ್ಪ ತಟ್ಟೆ ಸರಿಸಿದರು. ನನ್ನ ಕಡೆ ನೋಡದೆ, ಮೂರ್ತಿಯವರು ತಾವೇ ಬರೆದಿದ್ದರೆ ಇನ್ನೂ ಒರಟಾಗಿರುತ್ತಿತ್ತು, ಮೆತ್ತಗೆ ಮಾಡಿಕೊಟ್ಟೆ ಎಂದರು. ಮೆತ್ತಗೆ ಇದ್ದದ್ದಕ್ಕೇ ಅದು ನಾಟಿತು ಎಂದೆ ನಾನು. ಆ ಮನೆಯಲ್ಲಿ ನಾನು ಅವರಿಗೆ ಹೇಳಿದ ಅತ್ಯಂತ ಕಠಿಣ ಮಾತು ಅದು. ಆ ವಾರ ಬೆಳಿಗ್ಗೆ ಟಿವಿ ಹಾಕಲಿಲ್ಲ ಯಾರೂ. ಕಿಟಕಿಯ ಸಂದಿನಲ್ಲಿ ಹಡಗುಗಳು ಹಾದುಹೋಗುವುದನ್ನು ನೋಡುತ್ತ ಪಪ್ಪ ಚಹಾ ಕುಡಿದರು.

ಗುರುವಾರ ಸಂಜೆ ಅವರು ಮೇಜು ಒರೆಸಿ, ಲ್ಯಾಪ್‌ಟಾಪ್ ತೆರೆದು ನನ್ನನ್ನು ಕರೆದರು. ನಾನೇ ಬರೆದುಕೊಂಡಿದ್ದ ಒಂದು ಕರಡು ನನ್ನ ಚೀಲದಲ್ಲಿದೆಯೆಂದು ಅವರಿಗೆ ಹೇಗೆ ಗೊತ್ತಾಯಿತೋ. ಅದನ್ನು ಕೇಳಿ ಓದಿದರು. 'ನಾವು, ಪೋಷಕರು' ಎಂದು ನಾನು ಶುರುಮಾಡಿದ್ದೆ. ಅವರು ಆ ಪದದ ಮೇಲೆ ಬೆರಳಿಟ್ಟರು.

"ಇದು ಯಾವ ನಾವು ಮಗಾ?"

ಎಂಕುಲು ಎಂದೆ, ನನಗಿನ್ನೂ ಸಿಟ್ಟಿತ್ತು. ಹಾಗಾದರೆ ಇದು ಮೂರ್ತಿಯವರ ಮೇಲಿನ ಕಾಗದ ಆಯಿತು, ನಳಿನಿ ಮಿಸ್ ಅವರ ಪರವಾದ್ದು ಆಗಲಿಲ್ಲ ಎಂದರು. ನಮ ಎಂದಾದರೆ ಮೂರ್ತಿಯವರ ಹೆದರಿಕೆಯೂ ಇದರೊಳಗೆ ಇರಬೇಕು, ಮತ್ತು ಶಾಲೆಗೆ ಹೋಗುವ ಮೊದಲು ಅವರು ಇದನ್ನು ಓದಬೇಕು. ಹಿಂದಿನಿಂದ ಕಳಿಸುವುದು ಬೇಡ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಹೆಸರು ಎಷ್ಟು ಎಂದು ವಿಚಾರಿಸಿದರು. ಎರಡು ಎಂದರು ಪಪ್ಪ, ನನ್ನದೊಂದು, ನಿನಗೆ ಮನಸ್ಸಿದ್ದರೆ ನಿನ್ನದೊಂದು. ಒಂದು ಕಾಗದಕ್ಕೆ ಒಂದೇ ಹೆಸರು ಎನ್ನುತ್ತಿದ್ದ ಮನುಷ್ಯ. ಅವರ ಕತ್ತಿನ ಹಿಂಭಾಗ ಬೆವರಿತ್ತು, ಏಸಿ ಓಡುತ್ತಿದ್ದರೂ. ಮನೆ ನಡೆಯುವುದು ಅವರ ವೀಸಾದ ಮೇಲೆ ಎಂದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಶಾಲೆಗೆ ಬರೆದ ಒಂದು ಕಾಗದದಿಂದ ಏನೂ ಆಗುತ್ತಿರಲಿಲ್ಲ ಎಂದು ಇವತ್ತು ಹೇಳುವುದು ಸುಲಭ. ಇಷ್ಟು ವರ್ಷ ಹೆದರಿ ಬದುಕಿದ ಮೈಗೆ ಅದು ತಿಳಿಯುವುದಿಲ್ಲ.

ಕಾಗದ ಒಂದು ಪುಟ. ಪಾಠ ಹೇಗೆ ನಡೆಯಿತೆಂದು ಮಗಳಿಂದ ನಾವು ಕೇಳಿ ತಿಳಿದಿದ್ದೇವೆ. ತನಗೆ ಬೇಕಾದ್ದನ್ನು ಯಾರನ್ನೂ ನೋಯಿಸದೆ ಒಂದು ವಾಕ್ಯದಲ್ಲಿ ಹೇಳುವುದನ್ನು ಆಕೆ ಕಲಿತು ಬಂದಿದ್ದಾಳೆ. ಎಲ್ಲಿದ್ದರೂ ಇದು ಬೇಕಾಗುವ ವಿದ್ಯೆ. ಕೊನೆಗೆ, ಪಪ್ಪ ತಮ್ಮ ಕೈಯಾರೆ ಸೇರಿಸಿದ ಭಾಗ: ಇದಕ್ಕೆ ಮೊದಲು ತಮಗೆ ತಲುಪಿದ ಪತ್ರದ ಮಾತುಗಳು ನನ್ನವು, ಅವನ್ನು ಹಿಂತೆಗೆದುಕೊಳ್ಳುತ್ತೇನೆ, ಅದರ ಹಿಂದಿನ ಆತಂಕ ಇನ್ನೊಬ್ಬ ತಂದೆಯದ್ದು, ಅದನ್ನು ಗೌರವಿಸುತ್ತೇನೆ. ಮುಗಿದ ಕೈಗಳ ಸಾಲು ಇರಲಿಲ್ಲ. ಪಪ್ಪ ಸಹಿ ಹಾಕಿದರು. ಅಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕನ್ನಡದಲ್ಲಿ ತಮ್ಮ ಪೂರ್ತಿ ಹೆಸರು ಬರೆದರು, ಒತ್ತಕ್ಷರದ ಬಾಲ ಗೆರೆ ದಾಟದ ಹಾಗೆ ನಿಧಾನವಾಗಿ.

ಶನಿವಾರ ಮೂರ್ತಿ ಅಂಕಲ್ ಬಂದರು. ನಾನು ಓಹಿಯೋಕ್ಕೆ ಮರಳಿದ್ದೆ. ತಿಂಡಿ ಆಗುವವರೆಗೆ ಪಪ್ಪ ಬಿಸಿಲಿನ ಮಾತಾಡಿದರು, ಆಮೇಲೆ ಕಾಗದ ತೆಗೆದು ಟೆಕ್ಸಾಸಿನ ಮೇಲೆ ಇಟ್ಟರು. ಮೂರ್ತಿ ಅಂಕಲ್ ಎರಡು ಸಲ ಓದಿದರು. ಅವರ ಕಿವಿ ಕೆಂಪಾಯಿತು.

"ನನ್ನ ಕಾಗದಾನ ನೀವು ವಾಪಸ್ ತಗೋತೀರೇನ್ರೀ?"

"ಕಾಗದ ನಿಮ್ಮದೇ. ಇಂಗ್ಲಿಷ್ ಮಾತ್ರ ವಾಪಸು."

"ನನ್ನ ಹೆಸರು ಬರೆದಿಲ್ಲ."

"ಬರೆಯುವುದಿಲ್ಲ. ನಿಮಗೆ ತೋರಿಸದೆ ಕಳಿಸುವುದೂ ಇಲ್ಲ."

ಆ ಹೆಂಗಸಿನ ಕೆಲಸ ಹೋಗಲಿ ಅಂತ ನಾನು ಬರೆಸಿದ್ದಲ್ಲ, ಸ್ವಲ್ಪ ಎಚ್ಚರಿಕೆ ಹೇಳಲಿ ಅಂತ ಬರೆಸಿದ್ದು ಎಂದರು ಮೂರ್ತಿ ಅಂಕಲ್, ಯಾರಿಗೆ ಎಂದಿಲ್ಲದೆ. ಅಮ್ಮ ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿ, ತಿನ್ನಿ ಮೂರ್ತಿಯವರೆ, ಆರಿಹೋದರೆ ಚೆನ್ನಾಗಿರುವುದಿಲ್ಲ ಎಂದರು. ಅವರು ತಿನ್ನಲಿಲ್ಲ. ಜೇಬಿನಿಂದ ಪೆನ್ನು ತೆಗೆದರು. ನೋಡಿದ್ದೀನಿ ಅಂತ ಹಾಕ್ತೀನಿ, ಅಷ್ಟೇ, ಒಪ್ಪಿದೆ ಅಂತಲ್ಲ ಎಂದರು. ಕಚೇರಿಗಳಲ್ಲಿ ಫೈಲು ಮೇಜಿನಿಂದ ಮೇಜಿಗೆ ಹೋಗುವಾಗ ನೋಡಿದವರು ಹೆಸರಿನ ಮೊದಲಕ್ಷರಗಳನ್ನು ಗೀಚುತ್ತಾರೆ. ಅದು ಸಹಿಯಲ್ಲ. ಅದರ ಜಾಗ ಕಾಗದದ ಎಡ ಮೇಲ್ಮೂಲೆ. ಪಪ್ಪನ ಫೈಲುಗಳನ್ನು ನೋಡಿ ಬೆಳೆದ ನನಗೂ ಅದು ಗೊತ್ತು. ಇಪ್ಪತ್ತು ವರ್ಷ ಆಫೀಸು ನಡೆಸಿದ ಮೂರ್ತಿ ಅಂಕಲ್‌ಗೆ ಗೊತ್ತಿಲ್ಲದೆ ಇರುತ್ತದೆಯೇ? ಅವರ ಪೆನ್ನು ಎಡ ಮೇಲ್ಮೂಲೆಯ ತನಕ ಹೋಗಿ, ನಿಂತು, ಕೆಳಗಿಳಿದು ಬಂತು. ಅಮ್ಮನ ಕನ್ನಡ ಹೆಸರಿನ ಕೆಳಗೆ ಮೂರು ಇಂಗ್ಲಿಷ್ ಅಕ್ಷರ ಗೀಚಿ, ಅಡಿಗೆರೆ ಎಳೆದರು. ಪಪ್ಪ ನೋಡಿದರು. ಮೂರ್ತಿ ಅಂಕಲ್ ತಟ್ಟೆಯನ್ನು ಎಳೆದುಕೊಂಡು ಆರಿದ ದೋಸೆ ತಿಂದರು.

ನಾನೀಗ ಮಸ್ಕತ್ತಿನದೇ ಬೌಷರ್ ಬಡಾವಣೆಯಲ್ಲಿ ಒಬ್ಬಳೇ ಇರುತ್ತೇನೆ, ಅದೇ ಮೇಜು ನನ್ನ ಹತ್ತಿರವಿದೆ. ಪಪ್ಪ, ಅಮ್ಮ ಶನಿವಾರ ಬರುತ್ತಾರೆ, ಕೆಲವು ಸಲ ಮೂರ್ತಿ ಅಂಕಲ್ ಕೂಡ. ಈಚೆಗೆ ಪಪ್ಪ ಅಮೆರಿಕದ ಸುದ್ದಿಯನ್ನು ಶಬ್ದ ಕಡಿಮೆ ಮಾಡಿ ನೋಡುತ್ತಾರೆ. ಬೋರ್ಡು ಹಿಡಿದ ವಿದೇಶಿ ವಿದ್ಯಾರ್ಥಿಗಳು ಅಲ್ಲಿಯೂ ವೀಸಾದ ಚಿಂತೆ ಮಾಡಬೇಕಾಗಿ ಬಂದಿದೆ ಎಂದು ಓದಿದ ದಿನ, ನೋಡಿ, ಕೊನೆಗೆ ಅವರೂ ನಮ್ಮ ಹಾಗೇ ಆದ್ರು ಎಂದರು ಮೂರ್ತಿ ಅಂಕಲ್, ಗೆದ್ದ ದನಿಯಲ್ಲಿ ಅಲ್ಲ. ಪಪ್ಪನಿಗೆ ಅದು ಮನೆಯೊಳಗಿನ ಸಾವಿನಷ್ಟು ನೋವು ಕೊಟ್ಟಿತು. ಆದರೂ ಸಾವಿರಾರು ಜನ ಅಲ್ಲಿ ಇನ್ನೂ ಬೀದಿಗೆ ಬರುತ್ತಾರೆ, ಮಡಚುವ ಕುರ್ಚಿ ಹಿಡಿದು ಮುದುಕಿಯರು ಬರುತ್ತಾರೆ, ಆಗ ಅವರು ಶಬ್ದ ಹೆಚ್ಚಿಸುತ್ತಾರೆ. ಒಂದು ದೇಶ ಅಲ್ಲಿನ ಅಧ್ಯಕ್ಷರಿಂದ ಅಲ್ಲ, 'ನಾವು' ಎನ್ನುವಾಗ ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎನ್ನುವುದರಿಂದ ತಿಳಿಯುತ್ತದೆ ಎಂದು ನಾನು ಇಂದಿಗೂ ನಂಬಿದ್ದರೆ, ಅದನ್ನು ಕಲಿತದ್ದು ಅಮೆರಿಕದಿಂದಲ್ಲ, ಅದರ ಮೇಲೆ ತಟ್ಟೆಯಿಟ್ಟು ಉಂಡವರಿಂದ. ನಳಿನಿ ಮಿಸ್ ಆ ಅವಧಿಗೆ ಹೋಗಲಿಲ್ಲ. ಇನ್ನೆರಡು ವರ್ಷ ನಮ್ಮ ಶಾಲೆಯಲ್ಲಿದ್ದು, ತಾಯಿಯ ಕಾಯಿಲೆಗೆಂದು ತಾವಾಗಿಯೇ ಊರಿಗೆ ಮರಳಿದರು. ಕಾಗದದ ಸಂಗತಿ ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಮೂರ್ತಿ ಅಂಕಲ್ ಅಡಿಗೆರೆ ಎಳೆದ ಮರುದಿನ ಬೆಳಿಗ್ಗೆ, ಇಲ್ಲಿ ಶಾಲೆಯ ವಾರ ಶುರುವಾಗುವ ಭಾನುವಾರ, ಮೊದಲ ಗಂಟೆಗೆ ಮುಂಚೆ ನಾನು ಆ ಕಾಗದವನ್ನು ವೈಸ್ ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟೆ. ಅವರಿಗೆ ನೇರವಾಗಿ ಕಾಣುವಂತೆ ತಿರುಗಿಸಿ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ಕೆಳಗಿನ ಮೂರು ಅಕ್ಷರಗಳ ಬಳಿ ಅವರ ಬೆರಳು ನಿಂತಿತು. ಇದು ಮೂರ್ತಿಯವರದ್ದಲ್ಲವೇ, ಅವರೂ ಇದನ್ನು ಒಪ್ಪಿದ್ದಾರೆಯೇ ಎಂದು ಕೇಳಿದರು. ಹೌದು ಎಂದರೆ ಸುಳ್ಳು. ಇಲ್ಲ ಎಂದರೆ, ಆ ಪೆನ್ನು ಎಡ ಮೇಲ್ಮೂಲೆಯಿಂದ ಯಾಕೆ ಇಳಿದು ಬಂತು ಎನ್ನುವುದಕ್ಕೆ ನಾನು ಮಾಡುವ ಅನ್ಯಾಯ.

"ಓದಿದ್ದಾರೆ ಸಾರ್," ಎಂದೆ.

ಅವರು ನನ್ನನ್ನು ನೋಡಿ, ಕಾಗದವನ್ನು ನೋಡಿ, ಅದನ್ನು ಹಳೆಯ ಕಾಗದದ ಮೇಲೆ ಪಿನ್ ಮಾಡಿದರು. ಇನ್ನೇನಾದರೂ ಹೇಳುವುದಿದೆಯೇ ಎಂದು ರೂಢಿಯಂತೆ ಕೇಳುತ್ತ ಫೈಲು ಮುಚ್ಚತೊಡಗಿದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಇದೆ ಸಾರ್. ಎರಡನೆಯ ವಿರಾಮದಲ್ಲೂ ಗ್ರಂಥಾಲಯ ತೆರೆದಿರಬೇಕು."